ಹೊರಗೆ ನಿಂತ ತಮಟೆ ಮೇಡಂ

ಚಿಕ್ಕಬಳ್ಳಾಪುರದ ನಮ್ಮ ಕಲಾ ಟ್ರಸ್ಟಿನಲ್ಲಿ ಎಲ್ಲರೂ ಅವರನ್ನು ತಮಟೆ ಮೇಡಂ ಎನ್ನುತ್ತಿದ್ದರು. ಹಳ್ಳಿಯ ತಂಡಗಳಿಗೆ ಅನುದಾನ ಕೊಡುವ ರೀತಿಯನ್ನು ಕಲಾವಿದರೇ ಕೂತು ಬದಲಾಯಿಸಲಿ ಎಂದು, ತಮಟೆ ಬಾರಿಸುವ ಅವರನ್ನು ಕೆಲವು ತಿಂಗಳ ಮಟ್ಟಿಗೆ ಸಂಬಳ ಕೊಟ್ಟು ದಿಬ್ಬೂರಹಳ್ಳಿಯಿಂದ ಕರೆಸಿದ್ದೆವು. ನಾವು ಅವಸರ ಮಾಡಿದಾಗಲೆಲ್ಲ ಎರಡು ಬೆರಳಿನಿಂದ ಮೇಜು ತಟ್ಟಿ, "ಸ್ವಲ್ಪ ತಾಳಿ ಸಾರ್" ಎನ್ನುವರು. ಆ ಸದ್ದಿಗೆ ನನಗೆ ಮೈ ಉರಿಯುತ್ತಿತ್ತು. ತಮ್ಮವರ ತಂಡ ಬಂದರೆ ಆಯ್ಕೆಗೆ ಕೂತವರು ಬಾಯಿ ಬಿಡದೆ ಹೊರಗೆ ಹೋಗಬೇಕೆಂಬ ನಿಯಮ ತಂದವರೂ ಅವರೇ.

ಆಯ್ಕೆಯ ದಿನ ಮೊದಲು ಬಂದದ್ದು ಅವರ ಸೋದರಮಾವನ ತಂಡ. ಮೇಡಂ ಎದ್ದು ಹೊರಗೆ ನಿಂತರು. ಮೋಡದ ಥಂಡಿಗೆ ತಮಟೆಯ ಚರ್ಮ ಸಡಿಲವಾಗಿತ್ತು.

"ಬೆಂಕಿಗೆ ಹಿಡಿದು ಬಿಗಿ ಮಾಡ್ಕಂಡು ಬರ್ತೀವಿ ಸಾರ್" ಎಂದರು ಮಾವ.

"ಆಫೀಸಲ್ಲಿ ಬೆಂಕಿ ಹಾಕಂಗಿಲ್ಲ, ಶುರು ಮಾಡಿ" ಎಂದರು ನಮ್ಮ ಕಾರ್ಯದರ್ಶಿ.

ಏಟೆಲ್ಲ ರಟ್ಟಿನ ಮೇಲೆ ಬಿದ್ದಂತೆ ಕೇಳಿತು. ಕಿಟಕಿಯಾಚೆ ಮೇಡಂ ಬೆರಳುಗಳು ಸರಳನ್ನು ಬಿಗಿಯಾಗಿ ಹಿಡಿದಿದ್ದವು. ನಾವು ಆ ತಂಡವನ್ನು ಕೈಬಿಟ್ಟೆವು.

ಮುಂದಿನದೂ ತಮಟೆಯ ತಂಡವೇ, ನಗರಗೆರೆಯದು. ಒಳಗೆ ಬಂದ ಮೇಡಂ ಕೂರಲಿಲ್ಲ.

"ಸ್ವಲ್ಪ ತಾಳಿ ಸಾರ್. ಚರ್ಮ ಬಿಸಿಯಾಗದೆ ಯಾರೂ ಬಾರ್ಸೋದು ಬೇಡ."

ಕಾರ್ಯದರ್ಶಿ ಗೊಣಗುತ್ತಿದ್ದಂತೆಯೇ ತಾವೇ ಅಂಗಳಕ್ಕಿಳಿದು ತೆಂಗಿನ ಗರಿ ಒಟ್ಟಿ ಬೆಂಕಿ ಹಚ್ಚಿದರು. ನಗರಗೆರೆಯವರು ಸುತ್ತ ಕೂತು ತಮಟೆ ಹಿಡಿದರು.

ಮೆಟ್ಟಿಲ ಮೇಲಿದ್ದ ಮಾವ ಅದನ್ನೇ ನೋಡುತ್ತಿದ್ದರು. "ಈ ಮಾತು ನಮಗೂ ಆಡಬಹುದಿತ್ತಲ್ಲಮ್ಮಾ."

ಮೇಡಂ ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ.

"ನೀವು ನಮ್ಮೋರಲ್ವಾ ಮಾವ."