ಅಂಚಿನಲ್ಲಿ ನಿಂತ ಗ್ಲಾಫೀರಾ

ತೊಬೋಲ್ಸ್ಕ್‌ನ ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ ಮಾತ್ರ ತುಂಬುತ್ತಿದ್ದ ಮನೆಯೆಂದರೆ ಕಪಿತೊಲಿನಾ ಯೆಗೋರೊವ್ನಾಳದು. ಮೀನಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಗಂಡನಿಲ್ಲ, ಮಕ್ಕಳಿಲ್ಲ, ಓಡಾಡುವ ಬೆಕ್ಕೂ ಪಕ್ಕದಲ್ಲಿರುವ ನನ್ನ ಮನೆಯದೇ. ಆದರೆ ಅವಳ ಬಳಿ ಒಂದು ಫೋಟೋ ಇತ್ತು. ಕೊನೆಯ ಝಾರ್ ಚಕ್ರವರ್ತಿ, ಅವರ ರಾಣಿ, ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗ; ನಮ್ಮೂರಿನಲ್ಲಿ ಸೆರೆಯಾಗಿದ್ದ ಚಳಿಗಾಲದಲ್ಲಿ ಸೌದೆ ರಾಶಿಯ ಮುಂದೆ ತೆಗೆದದ್ದು. ಬಲ ಅಂಚಿನಲ್ಲಿ ಹಾಲಿನ ಕ್ಯಾನು ಹಿಡಿದ ಹುಡುಗಿ, ಕಣ್ಣು ಮುಚ್ಚಿಕೊಂಡಿದ್ದಾಳೆ. ಅವಳೇ ಗ್ಲಾಫೀರಾ, ಕಪಿತೊಲಿನಾಳ ತಾಯಿ. ಆಕೆಯದೆಂದು ಉಳಿದದ್ದು ಈ ಚಿತ್ರ ಒಂದೇ.

ಕಮ್ಯುನಿಸ್ಟ್ ಸರ್ಕಾರವಿದ್ದಷ್ಟು ಕಾಲ ಫೋಟೋ ಒಲೆಯ ಹಿಂದೆ ಅಡಗಿತ್ತು. ಚರ್ಚು ಆ ಕುಟುಂಬವನ್ನು ಸಂತರೆಂದು ಸಾರಿದ ಮೇಲೆ ದೀಪ ಉರಿಯುವ ದೇವರ ಮೂಲೆಗೆ ಬಡ್ತಿ ಪಡೆಯಿತು. ಅವರನ್ನು ಕೊಂದ ಜುಲೈ ದಿನ ಜನ ಮೇಣದಬತ್ತಿ ಹಿಡಿದು ಮೆರವಣಿಗೆಯಲ್ಲಿ ಅವಳ ಮನೆಗೆ ಬರುತ್ತಿದ್ದರು. ಹಾಡು, ಚಹಾ, ಮೀನು ತುಂಬಿ ಬೇಯಿಸಿದ ಪಿರೋಗ್, ಕೊನೆಗೆ ಕಪಿತೊಲಿನಾ ಹೇಳುವ ಅಮ್ಮನ ಕಥೆ.

"ಅಮ್ಮ ಹಾಲು ತಗೊಂಡು ಹೋದಾಗ ಝಾರ್ ಸೌದೆ ಕುಯ್ತಿದ್ರಂತೆ. ಪಕ್ಕಕ್ಕೆ ಸರಿದು ದಾರಿ ಬಿಟ್ರಂತೆ."

ಮೊದಲು ಕಥೆಯಲ್ಲಿ ಇದ್ದದ್ದು ಇಷ್ಟೇ. ವರ್ಷ ಕಳೆದಂತೆ ಝಾರ್ ಟೋಪಿ ತೆಗೆದರು, ಕಳೆದ ಸಲ ಕ್ಯಾನನ್ನೂ ಹೊತ್ತರು. ಯಾರೂ ತಕರಾರು ಮಾಡಲಿಲ್ಲ, ಪಿರೋಗ್ ಚೆನ್ನಾಗಿತ್ತು.

ಹೊಸ ಪಾದ್ರಿ ಇನ್ನೊಕೆಂತಿಗೆ ಮಾತ್ರ ಪಿರೋಗಿಗಿಂತ ಕ್ರಮ ಮುಖ್ಯ. ಗಡ್ಡ ಇನ್ನೂ ತುಂಬಿರಲಿಲ್ಲ, ನೀವಿಕೊಳ್ಳುವ ಗತ್ತು ಆಗಲೇ ಬಂದಿತ್ತು. ಮೆರವಣಿಗೆಗೆ ಮುಂಚೆ ಬಂದು ಮೂಲೆಯನ್ನು ಪರಿಶೀಲಿಸಿದರು.

"ಅಂಚಲ್ಲಿರೋದು ಯಾರು ಅಜ್ಜಿ?"

"ನಮ್ಮಮ್ಮ, ಸ್ವಾಮಿ."

"ಸಂತರ ಹತ್ರ ನಾವು ಬೇಡ್ಕೋತೀವಿ. ನಿಮ್ಮಮ್ಮನಂಥವರಿಗೋಸ್ಕರ ದೇವರ ಹತ್ರ ಬೇಡ್ಕೋತೀವಿ. ಎರಡನ್ನೂ ಒಂದೇ ದೀಪದ ಮುಂದೆ ಇಡೋ ಹಾಗಿಲ್ಲ. ಅಷ್ಟನ್ನ ಕತ್ತರಿಸಿಬಿಡಿ. ಇಲ್ದಿದ್ರೆ ಮೆರವಣಿಗೆ ಇಲ್ಲಿಗೆ ಬರಲ್ಲ."

"ಅವಳು ತಂದ ಹಾಲು ಕುಡಿಯೋವಾಗ ಅವರೇನೂ ಅನ್ಲಿಲ್ಲ."

ಪಾದ್ರಿಗಳು ಗಡ್ಡ ನೀವಿಕೊಂಡು ಹೊರಟರು.

ಸಂಜೆ ಕಪಿತೊಲಿನಾ ನನ್ನನ್ನು ಕರೆದು ಕತ್ತರಿ ಕೊಟ್ಟಳು. "ರೋದ್ಯಾ, ನನ್ನಿಂದ ಆಗಲ್ಲ. ನೀನೇ ಕತ್ತರಿಸು."

"ಕತ್ತರಿಸೋದ್ಯಾಕೆ? ಆ ಅಂಚನ್ನ ಹಿಂದಕ್ಕೆ ಮಡಚಿ ಕಟ್ಟು ಹಾಕಿಸಿದ್ರೆ ಆಯ್ತು. ಅಮ್ಮ ಒಳಗೇ ಇರ್ತಾಳೆ, ಪಾದ್ರಿಗಳಿಗೂ ನೆಮ್ಮದಿ."

ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅವಳು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು.

"ಒಲೆ ಹಿಂದೆ ಒಂದು ಆಯುಷ್ಯ ಕಳೆದಿದಾಳೆ. ಈಗ ಝಾರ್ ಬೆನ್ನ ಹಿಂದೆ ಕೂರಿಸ್ಲಾ?" ಎಂದು ಕತ್ತರಿಯನ್ನು ಕಿತ್ತುಕೊಂಡಳು. ಫೋಟೋ ದೇವರ ಮೂಲೆಯಿಂದ ಇಳಿದು ಊಟದ ಮೇಜಿನ ಪಕ್ಕದ ಗೋಡೆಯ ಮೊಳೆಗೆ ಬಂತು.

ಜುಲೈ ದಿನ ಪಿರೋಗ್ ಎಂದಿನಂತೆ ದೊಡ್ಡ ತಟ್ಟೆಯಲ್ಲೇ ಬೆಂದಿತ್ತು. ಬೀದಿಯವರಿಂದ ಕುರ್ಚಿಗಳನ್ನೂ ತಂದಿಟ್ಟಿದ್ದಳು. ಹಾಡು ಕಿಟಕಿಯವರೆಗೆ ಬಂತು, ಒಂದಿಬ್ಬರು ಇತ್ತ ಕತ್ತು ತಿರುಗಿಸಿದರು, ಆಮೇಲೆ ಮೆರವಣಿಗೆ ಔಷಧಿ ಅಂಗಡಿಯವನ ಮನೆಯತ್ತ ಹೋಯಿತು. ಅವನಲ್ಲಿ ಕ್ಯಾಲೆಂಡರಿನಿಂದ ತೆಗೆದ ಬಣ್ಣದ ಝಾರ್ ಇದ್ದರು, ಹಾಲಿನವಳ ತಂಟೆಯಿಲ್ಲದೆ.

ಚಹಾ ಆರುವವರೆಗೂ ಕಪಿತೊಲಿನಾ ಬಾಗಿಲು ತೆರೆದೇ ಇಟ್ಟಿದ್ದಳು. ಕೊನೆಗೆ ನಾನು ಕುರ್ಚಿಗಳನ್ನು ಹಿಂದಿರುಗಿಸಲು ಎದ್ದೆ.

"ಒಂದು ಬಿಟ್ಟಿರು," ಎಂದಳು. "ಅದನ್ನ ನಾಳೆ ತಗೊಂಡು ಹೋಗೋಕೆ ಬಾ."