ಭೀಮವ್ವ ಇಳಿದ ನೀರು

ಈಗಷ್ಟೇ ಬೆಳಕು ಹರಿಯುತ್ತಿದೆ. ರಾಯಚೂರಿನ ಹೊರವಲಯದಲ್ಲಿ ಕಾರ್ಖಾನೆಯೊಂದು ತನ್ನ ನೌಕರರಿಗೆ ಕಟ್ಟಿಸಿಕೊಟ್ಟ ಕಾಲೊನಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಸಾಲುಮನೆಗಳ ನಡುವಿನ ಈಜುಕೊಳದ ಅಂಚಿನಲ್ಲಿ ಭೀಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಳದ ತುದಿಗೆ ಕಟ್ಟಿದ ಬಲೆಯಿಂದ ರಾತ್ರಿ ಉದುರಿದ ಬೇವಿನ ಎಲೆಗಳನ್ನು ಎತ್ತುತ್ತಿದ್ದಾರೆ. ಮೇ ತಿಂಗಳ ಬಿಸಿಲೇರುವ ಮೊದಲೇ ಕಲ್ಲುಕಟ್ಟೆ ತೊಳೆದು, ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ ಮುಗಿಸಬೇಕು. ಏಳಕ್ಕೆ ಹೆಂಗಸರ ಪಾಳಿ ಶುರುವಾಗುತ್ತದೆ.

ಈ ಕೊಳಕ್ಕೂ ಅವರಿಗೂ ಹಳೆಯ ನಂಟು. ಹತ್ತು-ಹನ್ನೆರಡು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಗಂಡ ಮುದುಕಪ್ಪನ ಜೊತೆ ದೇವದುರ್ಗದ ಅರಕೇರಾದಿಂದ ಕಟ್ಟಡದ ಕೆಲಸಕ್ಕೆಂದು ಬಂದವರು, ಇದೇ ಗುಂಡಿಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತಿದ್ದಾರೆ. ಕಾಲೊನಿ ಎದ್ದು ನಿಂತ ಮೇಲೆ ಬೇರೆಯವರೆಲ್ಲ ಊರಿಗೆ ಮರಳಿದರು. ಇವರು ಕೊಳ ತೊಳೆಯುವ ಕೆಲಸ ಹಿಡಿದು, ಗೋಡೆಯಾಚೆಗಿನ ಕೂಲಿಗಳ ಗುಡಿಸಲಲ್ಲೇ ಉಳಿದರು. ಕೆಲಸ ಕೊಟ್ಟ ದಿನವೇ ಕಾಲೊನಿ ನೋಡಿಕೊಳ್ಳುವ ಸೆಕ್ರೆಟರಿ ಹೇಳಿದ್ದರು, ಕೆಲಸದವರು ನೀರಿಗೆ ಇಳಿಯುವಂತಿಲ್ಲ ಎಂದು. ಭೀಮವ್ವ ಅದನ್ನು ಮೀರಿದ್ದು ಒಂದೇ ಸಲ, ಕಳೆದ ಬೇಸಿಗೆಯಲ್ಲಿ.

ಅಂದು ಹೆಂಗಸರ ಪಾಳಿ. ಕಾವಲಿನ ಈಜುಗಾರ ಗಂಡಸಾದ್ದರಿಂದ ಗೇಟಿನ ಹೊರಗೆ ಕೂತಿದ್ದ. ಕಾಲೊನಿಯ ಗುಮಾಸ್ತರೊಬ್ಬರ ಮಗಳು ಉಮ್ಮೇ ಕುಲ್ಸುಮ್ ತನಗೇ ಅರಿಯದೆ ಆಳದ ಕಡೆಗೆ ಸರಿದಳು. ಕೂಗಲೂ ಬಾಯಿ ಬರಲಿಲ್ಲ, ಕೈ ಮಾತ್ರ ಒಮ್ಮೆ ಮೇಲೆ ಬಂದು ಮುಳುಗಿತು. ದಂಡೆಯ ಮೇಲಿದ್ದ ಹೆಂಗಸರು ಚೀರಿದರು. ಅವರಲ್ಲಿ ಯಾರಿಗೂ ಈಜು ಬಾರದು. ಕಟ್ಟೆ ಉಜ್ಜುತ್ತಿದ್ದ ಭೀಮವ್ವ ಕಸಬರಿಗೆ ಎಸೆದು, ಉಟ್ಟ ಸೀರೆಯಲ್ಲೇ ಹಾರಿದರು.

“ನಮ್ದು ಕುರಿ ಮನಿತನ ರೀ,” ಎನ್ನುತ್ತಾರೆ. “ಉಣ್ಣಿ ಕತ್ತರಿಸೋ ಮುಂದ ಕುರೀನ ಕೃಷ್ಣಾ ಹೊಳಿಗೆ ಹೊಡಕೊಂಡ್ ಹೋಗಿ ತೊಳೀತಿದ್ವಿ. ಹೆದರಿದ ಕುರಿ ಮೈಮ್ಯಾಗ ಏರಿ ಬರ್ತದ, ನಮ್ಮನ್ನೂ ಮುಳಗಸ್ತದ. ಹಿಂದಿಂದ ಹೋಗಿ ಕುತ್ತಿಗಿ ಹಿಡೀಬೇಕು. ಆ ಕೂಸಿನ್ನೂ ಹಂಗs ಹಿಡದೆ.”

ಹುಡುಗಿಯನ್ನು ಕಟ್ಟೆಗೆ ಎಳೆದು, ಬೋರಲು ಮಲಗಿಸಿ ಬೆನ್ನು ಒತ್ತಿದರು. ಅವಳು ನೀರು ಕಾರಿ ಅತ್ತಳು. ಅಲ್ಲೇ ಇದ್ದ ಅಜ್ಜಿ ಕುಬ್ರಾ ಬೇಗಂ, ಮೊಮ್ಮಗಳನ್ನೂ ಭೀಮವ್ವನನ್ನೂ ಒಟ್ಟಿಗೆ ತಬ್ಬಿಕೊಂಡು ಕೂತುಬಿಟ್ಟರು. ಒದ್ದೆ ಸೀರೆಯಲ್ಲಿ ಮನೆಗೆ ಹೋದ ಭೀಮವ್ವನ ಸುತ್ತ ಗುಡಿಸಲಿನವರೆಲ್ಲ ನೆರೆದರು. ಸಾಹೇಬರು ನಾಳೆ ಕರೆದು ಏನಾದರೂ ಕೊಡುತ್ತಾರೆ ಎಂದು ಮುದುಕಪ್ಪ ಅಂದ.

ಮರುದಿನ ನಸುಕಿನಲ್ಲಿ ಭೀಮವ್ವ ಗೇಟು ತೆರೆದರೆ ಕೊಳದಲ್ಲಿ ನೀರೇ ಇರಲಿಲ್ಲ. ಬರೀ ನೀಲಿ ಗೋಡೆ, ತಳದಲ್ಲಿ ಒಂದಿಷ್ಟು ರಾಡಿ. ಗೋಡೆ ಬಿರುಕು ಬಿಟ್ಟಿತೆಂದೇ ತಿಳಿದು ಪಂಪ್ ನೋಡಿಕೊಳ್ಳುವ ಸೈಫುದ್ದೀನರ ಕೋಣೆಗೆ ಓಡಿದರು.

“ಅಣ್ಣಾ, ಪೂಲು ಒಡದದ!”

ಸೈಫುದ್ದೀನ್ ತಲೆ ಎತ್ತಲಿಲ್ಲ. “ಒಡದಿಲ್ಲ ಭೀಮವ್ವ. ಬಿಡಿಸ್ಯಾರ.”

“ಯಾಕ?”

“ನೀ ಇಳದಿದ್ದಿಯಲ್ಲ... ಅದಕ್ಕ. ಸೆಕ್ರೆಟರಿ ಸಾಹೇಬ್ರು ನಿನ್ನೆ ಸಂಜಿನ್ಯಾಗs ವಾಲ್ವ್ ತಗೀ ಅಂದ್ರು. ತಿಕ್ಕಿ ತೊಳದು ಹೊಸ ನೀರು ತುಂಬಬೇಕಂತ.”

ತಿಕ್ಕಬೇಕಾದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ ಎಂದು ನೆನೆಯುತ್ತಾರೆ ಭೀಮವ್ವ. ಕಟ್ಟೆಯ ಮೇಲೆ ನಿಂತು ಗೋಡೆಯಾಚೆ ನೋಡಿದರು. ಊರಿನ ನಲ್ಲಿಗಳಿಗೆ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲ. ರಾತ್ರಿ ಬಿಟ್ಟ ಕೊಳದ ನೀರು ಗುಡಿಸಲುಗಳ ಪಕ್ಕದ ಚರಂಡಿಯಲ್ಲಿ ಇನ್ನೂ ನಿಂತಿತ್ತು. ಅಲ್ಲಿನ ಹೆಂಗಸರು ಕೊಡ, ಬಕೀಟು ಹಿಡಿದು ಸಂಭ್ರಮದಿಂದ ಬಟ್ಟೆ ಒಗೆಯತೊಡಗಿದ್ದರು. ಆ ನೀರು ಯಾಕೆ ಬಂತೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಭೀಮವ್ವ ಹೇಳಲೂ ಇಲ್ಲ.

ಕೊನೆಗೆ ಕಸಬರಿಗೆ ಹಿಡಿದು ಕೆಳಗಿಳಿದರು. ಆಳದ ತುದಿಯಲ್ಲಿ, ಹುಡುಗಿಯನ್ನು ಎಳೆಯುವಾಗ ಒಡೆದಿದ್ದ ಅವರದೇ ಹಸಿರು ಬಳೆಯ ಚೂರುಗಳು ಬಿದ್ದಿದ್ದವು. “ಅವನ್ನ ಆರಿಸಿ ಸೆರಗಿನ್ಯಾಗ ಕಟ್ಟಿಕೊಂಡೆ. ನಾಯಿ ಬಿದ್ದು ಸತ್ತಾಗ ಸೈತ ಬರೀ ಪೌಡರ್ ಹಾಕಿದ್ರು ರೀ, ನೀರು ಬಿಡಿಸಿದ್ದಿಲ್ಲ.”

ಹೊಸ ನೀರು ತುಂಬಿತು. ಹೆಂಗಸರ ಪಾಳಿಗೆ ಎಲ್ಲರೂ ಬಂದರು. ಆದರೆ ಕುಬ್ರಾ ಬೇಗಂ ಮೆಟ್ಟಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಸಿಕೊಂಡು ಕೂತರು. ವಿಷಯ ಅವರ ಕಿವಿಗೂ ಬಿದ್ದಿತ್ತು. ಗಲಾಟೆ ಕೇಳಿ ಸೆಕ್ರೆಟರಿ ಬಂದು, ಗೇಟಿನಾಚೆಯೇ ನಿಂತು ನಿಯಮ ಹೇಳಿದರು. ಸ್ವಚ್ಛತೆಗಾಗಿ ಮಾಡಿದ್ದು, ಬೇರೇನೂ ಇಲ್ಲ ಎಂದರು.

“ಆಕಿ ಇಳದ್ರ ನೀರು ಹೊಲಸು ಆಗ್ತದಾ ಸಾಬ್?” ಮುದುಕಿ ಅಲ್ಲಿಂದಲೇ ಕೂಗಿದರು. “ಆಕಿ ಮುಟ್ಟಿದ ನಮ್ಮ ಹುಡುಗಿ ನನ್ನ ತೊಡೀಮ್ಯಾಗ ಮಲಗ್ತಾಳ. ಈ ಕೂಸಿನ್ನೂ ಚರಂಡಿಗೆ ಬಿಡ್ಲೇನು? ಮೊದಲ ಭೀಮವ್ವ ಇಳೀಲಿ. ಆಮ್ಯಾಲ ಉಳದೋರು.”

ಆ ದಿನ ಯಾರೂ ನೀರಿಗಿಳಿಯಲಿಲ್ಲ. ಮರುದಿನವೂ ಇಲ್ಲ. ಅಂಥ ಸೆಕೆಯಲ್ಲೂ ಹೆಂಗಸರು ಬರುವುದು, ದಂಡೆಯಲ್ಲಿ ಕೂತು ಎದ್ದು ಹೋಗುವುದು ವಾರವಿಡೀ ನಡೆಯಿತು. ಮಕ್ಕಳ ರಗಳೆ ಮನೆಮನೆಯಲ್ಲೂ ಏರಿದ ಮೇಲೆ, ಹೆಂಗಸರ ಪಾಳಿಗೆ ಭೀಮವ್ವನೇ ಕಾವಲು ಎಂದು ಸೆಕ್ರೆಟರಿ ಹೇಳಿ ಕಳಿಸಿದರು. ಕ್ಷಮೆ ಯಾರೂ ಕೇಳಲಿಲ್ಲ. ಸಂಜೆ ಉಳಿದವರ ಪಾಳಿಯಲ್ಲಿ ಭೀಮವ್ವ ಇಂದಿಗೂ ನೀರು ಮುಟ್ಟುವಂತಿಲ್ಲ. ಸೆಕ್ರೆಟರಿ ಇಂದಿಗೂ ಅವರನ್ನು ಹೆಸರು ಹಿಡಿದು ಕರೆದಿಲ್ಲ.

ಏಳು ಹೊಡೆಯುತ್ತದೆ. ಹುಡುಗಿಯರು ಕಲಕಲ ಎನ್ನುತ್ತ ಒಳಗೆ ಬರುತ್ತಾರೆ. ಭೀಮವ್ವ ಕಚ್ಚೆ ಬಿಗಿದು ಮೊದಲು ಇಳಿಯುತ್ತಾರೆ. ಅವರ ಅಂಗೈ ಮೇಲೆ ಹೊಟ್ಟೆಯೂರಿ ಕಾಲು ಬಡಿಯುತ್ತಿರುವವಳು ಉಮ್ಮೇ ಕುಲ್ಸುಮ್. “ಹೆದರಬ್ಯಾಡ ಯವ್ವಾ, ನಾ ಹಿಡದೀನಿ,” ಎನ್ನುತ್ತಾರೆ. ಒಂದು ಗಳಿಗೆಗೆ ಕೈ ತೆಗೆಯುತ್ತಾರೆ. ಹುಡುಗಿ ತೇಲುತ್ತಾಳೆ.

ಪಾಳಿ ಮುಗಿದ ಮೇಲೆ, ಹೆಚ್ಚು ಪಗಾರ ಬೇಕೇ ಎಂದು ಕೇಳಿದರೆ ಭೀಮವ್ವ ಬೇಡವೆಂದು ತಲೆಯಾಡಿಸಿಬಿಡುತ್ತಾರೆ. ಸೀರೆಯ ಅಂಚು ಹಿಂಡುತ್ತ ಗೋಡೆಯಾಚೆಗೆ ನೋಡುತ್ತಾರೆ. ಗುಡಿಸಲುಗಳ ಮಕ್ಕಳಿಗೆ ಈ ಗೇಟಿನೊಳಗೆ ಇನ್ನೂ ಪ್ರವೇಶವಿಲ್ಲ.

“ನನ್ನ ಮಗಳು ಬೂದೆಮ್ಮಗ ಇಲ್ಲಿ ಈಜು ಕಲಿಸಬೇಕು ರೀ. ಕದ್ದುಮುಚ್ಚಿ ಅಲ್ಲ, ಎಲ್ಲಾರ ಮುಂದ. ಆಮ್ಯಾಲ ಬೇಕಾದ್ರ ನೀರು ಬಿಡಿಸ್ಲಿ. ತಿಕ್ಕಾಕ ನಾ ಇದ್ದೀನಲ್ಲ.”