ಎಲ್ಲಿಗೆ ಎಂದು ಕೇಳಿದಾಕೆ

ಮಗಳು ಸುಮಾ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದು, ತೊಯ್ದ ಉಣ್ಣೆಯ ಕೋಟನ್ನು ಹೀಟರಿನ ಮೇಲೆ ಹರವಿ ಸ್ನಾನಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ವಾಸನೆ ಮನೆಯೆಲ್ಲ ತುಂಬಿತು. ಒದ್ದೆ ಉಣ್ಣೆಯ ವಾಸನೆ ನಿಮಗೂ ಗೊತ್ತಿರಬೇಕು, ಕುರಿಮಂದೆಯೊಂದು ಪಕ್ಕದಲ್ಲೇ ಹಾದುಹೋದ ಹಾಗಿರುತ್ತದೆ. ಮಗಳಿರುವ ಈ ಡಚ್ ಪಟ್ಟಣ ಜೂಟರ್‌ಮೀರ್‌ನಲ್ಲಿ ಮಳೆಗೆ ಬರವಿಲ್ಲ, ಹಾಗಾಗಿ ಈ ವಾಸನೆಗೂ ಬರವಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಎದ್ದು ಬಾಲ್ಕನಿಗೆ ಹೋಗಿಬಿಡೋಣ ಅನಿಸುತ್ತದೆ. ಇವತ್ತು ಹೋಗಲಿಲ್ಲ. ಕೂತೇ ಇದ್ದೆ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಬಸ್ಸಿನ ಕಂಡಕ್ಟರಾದವನು, ನಿವೃತ್ತನಾಗುವ ಹೊತ್ತಿಗೆ ಚೆಕಿಂಗ್ ಇನ್ಸ್‌ಪೆಕ್ಟರ್. ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ಬಸ್ಸು ಹತ್ತುವುದು, ಒಂದೊಂದೇ ಮುಖ ಓದುವುದು. ಕಿಟಕಿಯಾಚೆ ನೋಡುತ್ತಿರುವವನ ಹತ್ತಿರ ಟಿಕೆಟ್ ಇಲ್ಲ, ನನ್ನನ್ನು ಕಂಡು ನಗುವವನ ಹತ್ತಿರ ಮೊದಲೇ ಇಲ್ಲ, ನಿದ್ದೆ ಹೋದವನಂತೂ ಪಕ್ಕಾ ಖದೀಮ. ಕೆಲಸ ಮುಗಿದರೂ ಈ ಕಣ್ಣು ಮುಚ್ಚಲಿಲ್ಲ. ಹೆಂಡತಿ ಬದುಕಿದ್ದಾಗ, "ನೀವು ದೇವರ ಫೋಟೋನೂ ಟಿಕೆಟ್ ಕೇಳೋ ಹಾಗೇ ನೋಡ್ತೀರಲ್ರೀ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಮಗಳ ಮನೆಗೆ ಬಂದೆ. ಇಲ್ಲಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಅವರ ಊಟದ ತಟ್ಟೆಯೂ ಕಾಣುತ್ತದೆ. ಇಷ್ಟು ತೆರೆದಿಟ್ಟವರು ಇನ್ನೆಲ್ಲೋ ಏನನ್ನೋ ಮುಚ್ಚಿಟ್ಟಿರಲೇಬೇಕು ಎಂದು ಯೋಚಿಸುತ್ತ ನಾನು ವಾಕಿಂಗ್ ಮುಗಿಸುತ್ತಿದ್ದೆ.

ಮೂರು ಬೇಸಿಗೆಯ ಹಿಂದೆ ಒಂದು ದಿನ, ಈ ದೇಶದಲ್ಲಿ ಬೆಟ್ಟ ಅಂದರೆ ಕಾಲುವೆ ಮೇಲಿನ ಸೇತುವೆ ಎಂದು ಗೊಣಗಿದೆ. ಅಳಿಯ ಪ್ರದೀಪ ಉಡುಪಿಯವನು, ಮೆತ್ತಗಿನ ಮಾತು. "ಮಾವ, ನೀವು ಒಬ್ಬರೇ ಒಮ್ಮೆ ಆಲ್ಪ್ಸ್‌ಗೆ ಹೋಗಿ ಬನ್ನಿ. ಮನಸ್ಸಿಗೆ ಖುಷಿ ಆಗ್ತದೆ" ಅಂದ. ಒಬ್ಬರೇ ಯಾಕೆ? ನಾನಿಲ್ಲದಾಗ ಇವರಿಗೆ ಮನೆಯಲ್ಲಿ ಏನು ಕೆಲಸ? ಈ ಗುಮಾನಿಯನ್ನೂ ಅವಲಕ್ಕಿ, ಚಟ್ನಿಪುಡಿಯ ಜೊತೆಗೆ ಕಟ್ಟಿಕೊಂಡೇ ರೈಲು ಹತ್ತಿದೆ.

ಅದು ಆಸ್ಟ್ರಿಯಾದ ಒಂದು ಪುಟ್ಟ ನಗರ. ಹೆಸರು ಬೇಡ, ಅಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಯಾವ ಬೀದಿಯ ತುದಿಗೆ ಹೋದರೂ ಎದುರಿಗೆ ಒಂದು ಬೆಟ್ಟ ಎದ್ದು ನಿಂತಿರುತ್ತಿತ್ತು, ಯಾರು ಬಂದರು ಯಾರು ಹೋದರು ಎಂದು ನೋಡುವ ಹಾಗೆ. ನಾನು ಇಳಿದುಕೊಂಡದ್ದು ಹಿಲ್ಡೆ ಎಂಬಾಕೆಯ ಮನೆಯಲ್ಲಿ. ನನ್ನದೇ ವಯಸ್ಸಿನ ವಿಧವೆ. ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು, ಬೆಳಗಿನ ತಿಂಡಿ ತಾನೇ ಮಾಡಿ ಬಡಿಸುತ್ತಿದ್ದಳು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಶಾಲೆಯಲ್ಲಿ ಕಲಿತವು. ಇಬ್ಬರು ಕುಂಟರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಡೆದಂತೆ ನಮ್ಮ ಮಾತು ಸಾಗುತ್ತಿತ್ತು.

ಮೊದಲ ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲು ದಾಟುತ್ತಿದ್ದೆ. ಆಕೆ ಅಡುಗೆಮನೆಯಿಂದ ಬಂದು ಕೇಳಿದಳು: "ಇವತ್ತು ಎಲ್ಲಿಗೆ?"

ನೋಡಿ, ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಹೋದ ಕೆಲಸ ಕೆಡುತ್ತದೆ ಅನ್ನುತ್ತಾರೆ. ಕೇಳಲೇಬೇಕಾದರೆ "ದೂರ ಹೊರಟ್ರಾ?" ಅನ್ನಬೇಕು; ಹೇಳುವ ಮನಸ್ಸಿದ್ದರೆ ಅವರೇ ಹೇಳುತ್ತಾರೆ. ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಅಂದರೆ ನಮ್ಮಮ್ಮ ಚಪ್ಪಲಿ ಬಿಚ್ಚಿ ಒಳಗೆ ಬಂದು, ನೀರು ಕುಡಿದು, ಒಂದು ಗಳಿಗೆ ಕೂತು ಮತ್ತೆ ಹೊರಡುತ್ತಿದ್ದಳು. ನಾನೂ ಬೂಟು ಬಿಚ್ಚಿ ಮಹಡಿ ಹತ್ತಿದೆ, ನೀರು ಕುಡಿದೆ, ಕೂತೆ, ಇಳಿದು ಬಂದೆ. ಆಕೆ ಅಲ್ಲೇ ನಿಂತಿದ್ದಳು. "ಎಲ್ಲಿಗೆ?"

ಅಪಶಕುನದ ಸಿಟ್ಟು ಒಂದು ಕಡೆ, ಚೆಕಿಂಗ್ ಕಣ್ಣು ಇನ್ನೊಂದು ಕಡೆ. ನಾನು ಎಲ್ಲಿರುತ್ತೇನೆ, ಕೋಣೆ ಎಷ್ಟು ಹೊತ್ತು ಖಾಲಿ, ಇವು ಯಾರಿಗೆ ಬೇಕಾಗುವ ವಿವರ? ಕದಿಯಲು ಅಲ್ಲಿ ಇದ್ದದ್ದು ಚಟ್ನಿಪುಡಿಯ ಡಬ್ಬಿ, ಆದರೂ ಮತ್ತೆ ಮೇಲೆ ಹೋಗಿ ಪೆಟ್ಟಿಗೆಯ ಜಿಪ್ಪಿಗೆ ಗುರುತಿಗೊಂದು ದಾರ ಸಿಕ್ಕಿಸಿ ಬಂದೆ. ಸಂಜೆ ಬಂದಾಗ ದಾರ ಹಾಗೇ ಇತ್ತು. ಭಲೇ ಜಾಣೆ, ದಾರ ನೋಡಿ ಮತ್ತೆ ಸಿಕ್ಕಿಸಿದ್ದಾಳೆ ಅಂದುಕೊಂಡೆ.

ಮಾರನೆಯ ಬೆಳಿಗ್ಗೆಯೂ ಅದೇ ಪ್ರಶ್ನೆ. "ಸರೋವರಕ್ಕೆ" ಅಂದೆ. ಹೋದದ್ದು ಬೆಟ್ಟಕ್ಕೆ. ಅಳಿಯ ನಾನಿರುವ ಜಾಗ ನೋಡುವ ಏರ್ಪಾಟು ಮಾಡಿದ್ದಾನೆಂಬ ಅನುಮಾನದಿಂದ ಫೋನನ್ನೂ ಆರಿಸಿಟ್ಟೆ. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಹಸುಗಳ ಗಂಟೆಯ ಸದ್ದು ಕೇಳುತ್ತ ಅವಲಕ್ಕಿ ತಿಂದೆ. ಜಗತ್ತಿನಲ್ಲಿ ಯಾರಿಗೂ ನಾನೆಲ್ಲಿದ್ದೇನೆಂದು ಗೊತ್ತಿಲ್ಲ ಅನ್ನುವುದು ಎಷ್ಟು ಸುಖವಾಗಿತ್ತೆಂದರೆ, ಹೇಳಲು ಈಗ ನಾಚಿಕೆಯಾಗುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಕೇಬಲ್ ಕಾರು ನಿಂತಿತು. ಮತ್ತೆ ಶುರುವಾಗಿ ನಾನು ಊರು ಸೇರುವಾಗ ದೀಪ ಹಚ್ಚಿದ್ದರು.

ಹಿಲ್ಡೆ ಮೆಟ್ಟಿಲ ಮೇಲೆ ಕೂತಿದ್ದಳು. ಉಣ್ಣೆಯ ಅಂಗಿ ಎದೆಮಟ್ಟ ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬೆಟ್ಟದ ಊರುಗಳಲ್ಲಿ ಅತಿಥಿ ಹೊತ್ತಿಗೆ ಬಾರದಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿದಿರಲಿ ಎಂದೇ ಬೆಳಿಗ್ಗೆ ಕೇಳಿಟ್ಟುಕೊಳ್ಳುತ್ತಾರಂತೆ. ಆಕೆ ಮಗನನ್ನು, ನೆರೆಯವರನ್ನು ಕರೆದುಕೊಂಡು ಸರೋವರಕ್ಕೆ ಹೋಗಿದ್ದಳು. ಜೊಂಡಿನ ನಡುವೆ ಕಪ್ಪಗೆ ಏನೋ ತೇಲುವುದನ್ನು ಕಂಡು, ಯಾರನ್ನೂ ಕಾಯದೆ ನೀರಿಗಿಳಿದಿದ್ದಳು. ಅದು ಮರದ ದಿಮ್ಮಿ.

ಆಕೆಯ ಮಗ ಟೋನಿ ನನ್ನ ಕೈಗೆ ಫೋನು ಕೊಟ್ಟ. ಕೋಣೆ ಬುಕ್ ಮಾಡಿದ್ದ ನಂಬರಿಗೆ ಅವನೇ ಕರೆ ಮಾಡಿದ್ದನಂತೆ; ಆ ಕಡೆ ಸುಮಾ ಅಳುತ್ತಿದ್ದಳು. "ಅಪ್ಪಾ, ಎಲ್ಲಿ ಹಾಳಾಗಿ ಹೋಗಿದ್ರಿ? ಲೇಕ್‌ಗೆ ಹೋಗ್ತೀನಿ ಅಂದಿದ್ರಂತೆ!"

ಮಗಳ ಗದರಿಕೆಗೆ ಹೆದರಿದೆ. ಬಾಯಿಗೆ ಬಂದದ್ದು ಇದು: "ನಾನು ಬೆಟ್ಟಕ್ಕೆ ಅಂತಲೇ ಹೇಳಿದ್ದೆ ಕಣಮ್ಮ. ಈ ಮುದುಕಿಗೆ ಅರಳುಮರಳು." ಕನ್ನಡದಲ್ಲಿ ಹೇಳಿದೆ, ಆಕೆಯ ಎದುರಿಗೇ. ಆಕೆಗೆ ಏನು ಅರ್ಥವಾಗಬೇಕು? ಟವೆಲಿನಿಂದ ಅಂಗಿ ಒರೆಸಿಕೊಳ್ಳುತ್ತ ನನ್ನತ್ತ ನೋಡಿ ನಕ್ಕಳು. ಸುಮಾ ಫೋನು ಆಕೆಗೆ ಕೊಡಿಸಿ ಇಂಗ್ಲಿಷಿನಲ್ಲಿ ಏನೇನೋ ಅಂದಳು. ಆಕೆಯ ನಗು ಇಳಿಯಿತು. "ಸಾರಿ, ಸಾರಿ" ಅನ್ನುತ್ತ ಗೋಡೆ ಹಿಡಿದುಕೊಂಡಳು. ನಾನು ಬೂಟು ಬಿಚ್ಚುತ್ತಿದ್ದೆ. ಲೇಸು ಬಿಚ್ಚಲು ಅಷ್ಟು ಹೊತ್ತು ಯಾವತ್ತೂ ಹಿಡಿದಿರಲಿಲ್ಲ.

ಆಮೇಲೆ ಇದು ನಮ್ಮ ಮನೆಯ ಕತೆಯಾಯಿತು. ಕನ್ನಡದವರು ಹಬ್ಬಕ್ಕೆ ಸೇರಿದಾಗ ಸುಮಾ ಅಭಿನಯಿಸಿ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಹೋದ ಸಲ ಮಾತ್ರ ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟೆ. ಒಂದು ಇಡೀ ಬಸ್ಸಿಗೆ ನಾನೊಬ್ಬನೇ ಟಿಕೆಟ್ ಇಲ್ಲದ ಪ್ರಯಾಣಿಕ, ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಸುಮಾ ಸ್ನಾನ ಮುಗಿಸಿ ಕಾಫಿ ತಂದಳು. "ಸುಮಾ, ಆ ಹಿಲ್ಡೆಗೆ ಅರಳುಮರಳಾಗಿರಲಿಲ್ಲ" ಅಂದೆ. "ಸರೋವರ ಅಂತ ಸುಳ್ಳು ಹೇಳಿದ್ದು ನಾನು."

ಅವಳು ಲೋಟ ಕೆಳಗಿಟ್ಟಳು. "ಅವತ್ತು ನಾನು ಆಕೆಗೆ ಏನೇನು ಅಂದೆ ಗೊತ್ತಾ ಅಪ್ಪ? ನಿಮಗೆ ತಲೆ ನೆಟ್ಟಗಿಲ್ಲ, ಗೆಸ್ಟ್‌ಗಳನ್ನ ಇಟ್ಕೋಬೇಡಿ ಅಂದೆ. ರಿವ್ಯೂನಲ್ಲೂ ಅದನ್ನೇ ಬರೆದೆ."

"ಗೊತ್ತು."

"ಗೊತ್ತಿದ್ದೂ ಮೂರು ವರ್ಷ ಕೂತ್ಕೊಂಡು ನಕ್ರಾ?"

ಅವಳು ಹಳೆಯ ನಂಬರು ಹುಡುಕಿ, ಒತ್ತಿ, ಫೋನನ್ನು ನನ್ನ ಮುಂದೆ ಹಿಡಿದಳು. "ಮಾತಾಡಿ. ನಾನು ಒಂದಕ್ಷರ ಸಹಾಯ ಮಾಡಲ್ಲ."

ನಾನು ಎದ್ದು ನಿಂತೆ. ಹಿಲ್ಡೆಯ ಧ್ವನಿ ತೆಳ್ಳಗಾಗಿತ್ತು. ಹೆಸರು ಹೇಳಿದೆ, ಬೆಟ್ಟ ಅಂದೆ, ಸರೋವರ ಅಂದೆ, ನನ್ನ ಸುಳ್ಳು ಅಂದೆ, ನಿಮ್ಮ ತಪ್ಪಿಲ್ಲ ಅಂದೆ. ಕಲಿತ ಇಂಗ್ಲಿಷೆಲ್ಲ ಅಷ್ಟಕ್ಕೇ ಮುಗಿಯಿತು.

"ಹಾಗಾದರೆ ನನ್ನ ತಲೆ ಸರಿಯಾಗಿದೆ" ಅಂದಳು ಹಿಲ್ಡೆ. ಆ ಬೇಸಿಗೆಯ ನಂತರ ಮಗ ಕೋಣೆಗಳ ಬೀಗದಕೈ ತೆಗೆದುಕೊಂಡನಂತೆ. ಒಲೆ ಆರಿಸಿದೆಯಾ, ಬಾಗಿಲು ಹಾಕಿದೆಯಾ ಎಂದು ದಿನವೂ ವಿಚಾರಿಸುತ್ತಾನಂತೆ. ಮೊದಮೊದಲು ಜಗಳವಾಡಿದಳಂತೆ, ಆಮೇಲೆ ತನಗೇ ತನ್ನ ಮೇಲೆ ನಂಬಿಕೆ ಹೋಯಿತಂತೆ.

ನಾನು ಸಾರಿ ಅಂದೆ. ಆಕೆ ಪರವಾಗಿಲ್ಲ ಅನ್ನಲಿಲ್ಲ.

"ಇದನ್ನೇ ನನ್ನ ಮಗನಿಗೆ ಹೇಳುತ್ತೀರಾ?" ಅಂದಳು. ನಾನು ಹೂಂ ಅನ್ನುವ ಮೊದಲೇ ಫೋನು ಪಕ್ಕಕ್ಕಿಟ್ಟು, ಮನೆಯೆಲ್ಲ ಮೊಳಗುವ ಹಾಗೆ, ಇಪ್ಪತ್ತು ವರ್ಷ ಚಿಕ್ಕವಳಾದ ಗಂಟಲಿನಲ್ಲಿ ಕೂಗಿದಳು: "ಟೋನಿ!"

ಮರದ ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದು ಬರುವುದು ಕೇಳಿಸಿತು. ನಾನು ಗಂಟಲು ಸರಿಮಾಡಿಕೊಂಡೆ.